ಹೊಗೆಗೂಡಿನ ಹಿಂದಿನ ಮೆಟ್ಟಿಲು

ಯುದ್ಧಕೈದಿಗಳ ಶಿಬಿರ, ಜರ್ಮನಿ
8 ಫೆಬ್ರವರಿ 1942

ಪ್ರೀತಿಯ ಹೆಸ್ಟರಕ್ಕ,

ಅಕ್ಷರ ಬೇರೆಯವರದ್ದೆಂದು ಗಾಬರಿಯಾಗಬೇಡ. ಇಲ್ಲಿನ ಚಳಿಗೆ ನನ್ನ ಬೆರಳು ಮಡಚುವುದಿಲ್ಲ. ನಾನು ಹೇಳುತ್ತೇನೆ, ಎನಕ್ ಕ್ಲೆಗ್ ಬರೆಯುತ್ತಾನೆ. ಲ್ಯಾಂಕಶೈರಿನ ನೇಕಾರ, ಬಾಯಿಗೆ ಬಿಡುವಿಲ್ಲದವನು. (ಬಿಡುವಿಲ್ಲದ್ದು ನಿಮ್ಮ ತಮ್ಮನ ಬಾಯಿಗೆ ಕಣಕ್ಕ, ನಂಬಬೇಡಿ – ಎನಕ್.)

ಬಲಗಣ್ಣು ಹೋದದ್ದು ನಿನಗೆ ಗೊತ್ತೇ ಇದೆ. ಎಡಗಣ್ಣು ಚೆನ್ನಾಗಿದೆ. ಇಟ್ಟಿಗೆ ಕೆಲಸದವನಿಗೆ ಒಂದು ಕಣ್ಣು ಧಾರಾಳ; ಗೋಡೆ ನೆಟ್ಟಗಿದೆಯೇ ಎಂದು ನೋಡುವಾಗ ಹೇಗೂ ಇನ್ನೊಂದನ್ನು ಮುಚ್ಚಿಕೊಳ್ಳುತ್ತೇವೆ.

ಈಗ ಕೆಲಸದ ಮಾತು. ನಾನಿಲ್ಲಿ ನಮ್ಮ ಮನೆ ಕಟ್ಟುತ್ತಿದ್ದೇನೆ! ಪಾರ್ಸೆಲ್ ಪೆಟ್ಟಿಗೆಯ ಹಲಗೆ, ರಟ್ಟು, ಒಂದಿಷ್ಟು ಗೋಂದು. ಎನಕ್ ಕೊಯ್ದು ಕೊಡುತ್ತಾನೆ, ನಾನು ಜೋಡಿಸುತ್ತೇನೆ. ಮನೆಯ ಎರಡು ಅಡಿಗೆ ನನ್ನ ಮಾದರಿಯಲ್ಲಿ ಒಂದು ಅಂಗುಲ. ಮೊದಲು ಓಕ್ ಮರದ ಚೌಕಟ್ಟು, ಆಮೇಲೆ ಅದರ ಮೇಲೆ ಇಟ್ಟಿಗೆಯ ಗೋಡೆ – 1687ರಲ್ಲಿ ಮನೆ ಕಟ್ಟಿದವರು ಮಾಡಿದ ಹಾಗೆಯೇ. ಪೂರ್ವದ ಗೋಡೆ ರಿಪೇರಿ ಮಾಡುವಾಗ ಒಳಗೆ ಮರ ಕಂಡು ಅಪ್ಪ ಹೇಳಿದ್ದು ನೆನಪಿದೆಯೇ? "ನೋಡ್ರೋ, ನಮ್ಮನೆ ಇಟ್ಟಿಗೆ ಅಂಗಿ ತೊಟ್ಕೊಂಡು ದೊಡ್ಡೋರ ಥರ ನಿಂತಿದೆ!"

ಆದರೆ ಅಂದಾಜಿನಲ್ಲಿ ಕಟ್ಟಲು ನನಗಿಷ್ಟವಿಲ್ಲ. ಟೇಪು ಹಿಡಿದು ಕೆಳಗಿನ ಅಂತಸ್ತಿನ ಅಳತೆ ಕಳಿಸು. ಅಂಗುಲ ಸಹ ಬಿಡಬೇಡ.

ನಿನ್ನ ತಮ್ಮ,
ಆಂಬ್ರೋಸ್


ಕ್ರೋ ಗ್ರೀನ್ ಫಾರ್ಮ್, ಟಾಲಿಂಗ್‌ಹ್ಯಾಮ್, ನಾರ್ಫೋಕ್
19 ಏಪ್ರಿಲ್ 1942

ಪ್ರಿಯ ಆಂಬ್ರೋಸ್,

ಹಾಲು ಕರೆಯುವುದು, ಕೋಳಿ, ಸಕ್ಕರೆ ಬೀಟ್ ಬಿತ್ತನೆ, ಇದರ ಮಧ್ಯೆ ನಿನ್ನ ಅಳತೆ ಬೇರೆ. ಅಪ್ಪ ಹೋದಮೇಲೆ ನನ್ನನ್ನು ಕೆಲಸಕ್ಕೆ ಹಚ್ಚುವವರಿಲ್ಲ ಎಂದುಕೊಂಡಿದ್ದೆ.

ಟೇಪಿನ ಇನ್ನೊಂದು ತುದಿ ಹಿಡಿಯಲು ಜೇಬೆಜ್ ತಾತನನ್ನು ಕುದುರೆ ಲಾಯದಿಂದ ಎಳೆದು ತಂದೆ. "ಇನ್ನೂರೈವತ್ತು ವರ್ಷ ಯಾರೂ ಅಳೀದೇ ನಿಂತಿರೋ ಮನೆ ಅಮ್ಮಾವ್ರೇ. ಈಗ ಅಳೆದ್ರೆ ನಾಚ್ಕೊಂಡು ಬಿದ್ಬಿಟ್ರೆ?" ಅಂದ. "ಬಿದ್ರೆ ನಿನ್ನ ಮೇಲೇ ಬೀಳ್ಲಿ, ಸರಿಯಾಗ್ ಹಿಡಿ" ಅಂದೆ.

ಬರೆದುಕೋ. ಮನೆಯ ಒಳಗಿನ ಅಗಲ, ಮುಂಬಾಗಿಲಿನಿಂದ ಹಿಂಗೋಡೆಗೆ ಹದಿನೈದೂವರೆ ಅಡಿ. ಬಾಗಿಲು ತೆರೆದರೆ ಎದುರಿಗೆ ಹೊಗೆಗೂಡಿನ ಗೋಡೆ. ನಡುವೆ ನಿಲ್ಲುವ ಜಾಗ ನಾಲ್ಕು ಅಡಿ. ಹೊಗೆಗೂಡಿನ ದಪ್ಪ ಆರು ಅಡಿ. ಅದರ ಹಿಂದೆ ಮೆಟ್ಟಿಲಿಗೆ ಉಳಿದದ್ದು ಐದೂವರೆ. ಎಡಕ್ಕೆ ಅಡುಗೆಮನೆ, ಹದಿನೇಳು ಅಡಿ ಉದ್ದ. ಬಲಕ್ಕೆ ನೆಂಟರಿಗೆಂದು ಅಮ್ಮ ಇಟ್ಟಿದ್ದ ಒಳ್ಳೆಯ ಕೋಣೆ, ಹದಿನಾಲ್ಕು ಅಡಿ. ನೆಲದಿಂದ ತೊಲೆಯ ಕೆಳಗಿನವರೆಗೆ ಆರು ಅಡಿ ಎಂಟು ಅಂಗುಲ. ಮೇಲಿನ ಹಲಗೆವರೆಗೆ ಏಳೂವರೆ. ಅಡುಗೆಮನೆಯ ಒಲೆಗೂಡಿನೊಳಗೆ ನಾನೂ ತಾತನೂ ಅಕ್ಕಪಕ್ಕ ನಿಂತು ಕೈ ಚಾಚಿದರೂ ಎರಡೂ ಕಡೆ ತಗುಲಲಿಲ್ಲ.

ಮಹಡಿಯದ್ದು ಹುಲ್ಲು ಕೊಯ್ಲು ಮುಗಿದ ಮೇಲೆ. ಸಾಕ್ಸು ಹೆಣೆದು ಕಳಿಸಿದ್ದೇನೆ, ಕ್ಲೆಗ್‌ಗೂ ಒಂದು ಜೊತೆ. ನಿನ್ನ ಬೆರಳು ನೆಟ್ಟಗಾದಮೇಲೆ ನಿನ್ನದೇ ಕೋಳಿಕಾಲಿನ ಅಕ್ಷರದಲ್ಲಿ ಒಂದು ಸಾಲು ಬರೆ.

ನಿನ್ನ ಅಕ್ಕ,
ಹೆಸ್ಟರ್


ಜರ್ಮನಿ
21 ಜೂನ್ 1942

ಅಕ್ಕ,

ನಿನ್ನ ಅಳತೆ ಚಿನ್ನದಂಥ ಅಳತೆ. ಕೆಳಗಿನ ಅಂತಸ್ತು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿದೆ. ಅಡುಗೆಮನೆಯಿಂದ ಹಾಲಿನ ಕೋಣೆಗೆ ಇಳಿಯುವ ಒಂದು ಮೆಟ್ಟಿಲಿಗೆ ಬೆರಳಿಟ್ಟರೆ, ನಿಜವಾಗಿ ಕಾಲಿಟ್ಟ ಹಾಗೆ ತಣ್ಣಗೆನಿಸುತ್ತದೆ. ಎನಕ್ ನಗುತ್ತಾನೆ.

ಈಗ ಮುಖ್ಯವಾದದ್ದು ಹೊಗೆಗೂಡಿನ ಹಿಂದಿನ ಮೆಟ್ಟಿಲು. ಸುತ್ತಿಕೊಂಡು ಹತ್ತುತ್ತದಲ್ಲ, ಅದು. ಒಟ್ಟು ಎಷ್ಟು ಮೆಟ್ಟಿಲು, ಪ್ರತಿಯೊಂದರ ಎತ್ತರವೆಷ್ಟು, ಅಗಲದ ಕಡೆ ಎಷ್ಟು, ಕಿರಿದಾದ ಕಡೆ ಎಷ್ಟು? ನಾನು ಓಡಿ ಹತ್ತಿದ್ದೇ ಹೊರತು ಎಣಿಸಿದವನಲ್ಲ. ಒಂದು ಅಂಗುಲವೂ ತಪ್ಪಬಾರದು. ಯಾಕೆ ಇಷ್ಟು ಪೀಡಿಸುತ್ತಾನೆ ಎಂದು ಕೇಳಬೇಡ. ಬಂದಮೇಲೆ ಹೇಳುತ್ತೇನೆ.

ಬೆರಳು ಇನ್ನೂ ಹಾಗೇ ಇದೆ.

ಆಂಬ್ರೋಸ್


ಟಾಲಿಂಗ್‌ಹ್ಯಾಮ್
18 ಜುಲೈ 1942

ಆಂಬ್ರೋಸ್,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೂ ಸರ್ಕಾರದವರು ಅರ್ಧ ಮಸಿ ಬಳಿದು ಕಳಿಸುತ್ತಾರೆ. ಯಾರಿಗಾದರೂ ಹೇಳಿಕೊಳ್ಳದೆ ಇರಲಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ತಿಂಗಳು ಊರಿನವರನ್ನೆಲ್ಲ ಶಾಲೆಯ ಅಂಗಳಕ್ಕೆ ಕರೆದರು. ಸೇನೆಯ ಅಧಿಕಾರಿಯೊಬ್ಬ ಗಾಡಿಯ ಮೇಲೆ ನಿಂತು ಹೇಳಿದ: ಸೈನಿಕರಿಗೆ ಯುದ್ಧ ಕಲಿಸಲು ಈ ನೆಲ ಬೇಕು, ಒಂದು ತಿಂಗಳೊಳಗೆ ಎಲ್ಲರೂ ಖಾಲಿ ಮಾಡಬೇಕು. ಜೇಬೆಜ್ ತಾತ ಕೇಳಿದ:

"ವಾಪಸ್ ಕೊಡ್ತೀರಾ ಸ್ವಾಮಿ?"

"ಯುದ್ಧ ಮುಗಿದ ಮೇಲೆ ನಿಮ್ಮನೆ ನಿಮಗೆ. ಮಾತು ಕೊಡ್ತೀನಿ."

"ಎಂಥಾ ಸ್ಥಿತೀಲಿ?"

ಅವನು ಕೈಯಲ್ಲಿದ್ದ ಕಾಗದ ನೋಡಿದ. ಅದನ್ನು ಮಡಚಿಕೊಂಡು ಗಾಡಿಯಿಂದ ಇಳಿದ.

ಹಸುಗಳು ಹೋದವು. ಕುದುರೆಗಳು ಹೋದವು. ಅಪ್ಪನ ಅಪ್ಪ ಗೇಣಿಗೆ ಹಿಡಿದ ಮನೆ. ನಮ್ಮ ಹೆಸರಿನಲ್ಲಿ ಒಂದು ಇಟ್ಟಿಗೆಯೂ ಇಲ್ಲ, ಬೇಡ ಎನ್ನಲು ನಾವು ಯಾರು? ಇವತ್ತು ಕೊನೆಯ ದಿನ. ಗಾಡಿ ಬರುವ ಮುಂಚೆ ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು, ಟೇಪು ಹಿಡಿದು ಮೆಟ್ಟಿಲಿಗೆ ಹೋದೆ. ಮೊದಲನೆಯ ಮೆಟ್ಟಿಲಿಗೆ ಟೇಪು ಹಿಡಿದವಳಿಗೆ ಅಪ್ಪ ಸತ್ತ ದಿನ ಬಡಗಿ ಬಂದು ಮಂಚದ ಪಕ್ಕ ಬಗ್ಗಿದ್ದು ನೆನಪಾಯಿತು. ಶವಪೆಟ್ಟಿಗೆಗೆ ಅಳತೆ. ಕೈ ಮುಂದೆ ಹೋಗಲಿಲ್ಲ. ಅಲ್ಲೇ ಕೂತುಬಿಟ್ಟೆ. ನಲವತ್ತೆರಡು ವರ್ಷ ಹತ್ತಿಳಿದ ಮೆಟ್ಟಿಲು, ನಾನೂ ಎಣಿಸಿಲ್ಲ ಆಂಬ್ರೋಸ್. ಎಣಿಸಲು ಎದ್ದಾಗ ಗಾಡಿಯವನು ಕೂಗಿದ. "ಬನ್ನಿ ಅಮ್ಮಾವ್ರೇ, ಗೇಟು ಮುಚ್ತಾರಂತೆ."

ಬಂದುಬಿಟ್ಟೆ. ನೀನು ಕೇಳಿದ್ದು ಅದೊಂದನ್ನೇ.


ಫೀಬಿ ಚಿಕ್ಕಮ್ಮನ ಮನೆ, ಸ್ವಾಫ್‌ಹ್ಯಾಮ್
6 ಸೆಪ್ಟೆಂಬರ್ 1942

ಪ್ರಿಯ ಆಂಬ್ರೋಸ್,

ತಡವಾಯಿತು, ಕ್ಷಮಿಸು. ಚಿಕ್ಕಮ್ಮನಿಗೆ ಮಂಡಿ ನೋವು ಹೆಚ್ಚಾಗಿದೆ, ಅವಳನ್ನು ನೋಡಿಕೊಳ್ಳಲು ನಾನು ಹೆಚ್ಚು ದಿನ ಇಲ್ಲೇ ಇರುತ್ತೇನೆ. ಪತ್ರ ಈ ವಿಳಾಸಕ್ಕೇ ಬರೆ. ಮನೆ ಕಡೆ ಜೇಬೆಜ್ ತಾತ ನೋಡಿಕೊಳ್ಳುತ್ತಾನೆ.

ನಿನ್ನ ಮೆಟ್ಟಿಲು: ಒಟ್ಟು ಹದಿನಾಲ್ಕು. ಎತ್ತರ ಎಂಟೆಂಟು ಅಂಗುಲ. ಅಗಲದ ಕಡೆ ಹದಿನೆಂಟು ಅಂಗುಲ, ಕಿರಿದಾದ ಕಡೆ ನಾಲ್ಕು. ಮೇಲೆ ಹತ್ತಿದ ಕೂಡಲೇ ಎಡಕ್ಕೆ ನಿನ್ನ ಕೋಣೆ, ಹನ್ನೆರಡು ಅಡಿಗೆ ಹದಿಮೂರು. ಎರಡೆರಡು ಸಲ ಅಳೆದಿದ್ದೇನೆ.

ಈ ವರ್ಷ ಸೇಬು ಚೆನ್ನಾಗಿ ಬಿಟ್ಟಿದೆ. ಕೊಂಬೆ ಬಾಗಿ ಹಾಲಿನ ಕೋಣೆಯ ಕಿಟಕಿಗೆ ತಾಗುತ್ತಿದೆ. ಬೇರೇನೂ ಹೊಸದಿಲ್ಲ.

ಎಡಗಣ್ಣಿಗೆ ಆಯಾಸ ಮಾಡಿಕೊಳ್ಳಬೇಡ.

ಹೆಸ್ಟರ್


ಜರ್ಮನಿ
13 ಡಿಸೆಂಬರ್ 1942

ಅಕ್ಕ,

ಮೆಟ್ಟಿಲು ಕೂರುತ್ತಿಲ್ಲ.

ಮೂರು ಸಲ ಕಟ್ಟಿ ಮೂರು ಸಲ ಕಿತ್ತೆ. ಎಂಟು ಅಂಗುಲದಂತೆ ಹದಿನಾಲ್ಕು ಹತ್ತಿದರೆ ಮಹಡಿಯ ನೆಲಕ್ಕಿಂತ ಸುಮಾರು ಎರಡು ಅಡಿ ಮೇಲೆ, ಗಾಳಿಯಲ್ಲಿ ನಿಂತಿರುತ್ತೇನೆ. ಹದಿನೆಂಟು ಅಂಗುಲದ ಮೆಟ್ಟಿಲುಗಳು ಆ ಐದೂವರೆ ಅಡಿಯಲ್ಲಿ ತಿರುಗಬೇಕಾದರೆ ಹೊಗೆಗೂಡಿನೊಳಗೆ ನುಗ್ಗಬೇಕು. ಎನಕ್ ಅಂದ, "ನಿಮ್ಮಕ್ಕ ಅಳತೇನೇ ತೆಗ್ದಿಲ್ಲ ಕಣಯ್ಯಾ, ಬಾಯಿಗ್ ಬಂದದ್ದು ಬರ್ದವ್ಳೆ." ನಾನು ಅವನ ಮೇಲೆ ಕೈ ಎತ್ತಿದೆ. ಇದನ್ನೂ ಅವನ ಕೈಯಲ್ಲೇ ಬರೆಸುತ್ತಿದ್ದೇನೆ.

ನೀನು ಸುಳ್ಳು ಹೇಳುವವಳಲ್ಲ. ಹಾಗಾದರೆ ಉಳಿದದ್ದು ಒಂದೇ. ನೀನು ಹೊಗೆಗೂಡು ಒಡೆಸಿದ್ದೀಯ. ಪಕ್ಕದ ಹೊಲದ ಹೊರೇಸ್ ಟಟಲ್ ಎಷ್ಟು ವರ್ಷದಿಂದ ಹೇಳುತ್ತಿದ್ದ, "ಆ ಇಟ್ಟಿಗೆ ಗುಡ್ಡ ಕೀಳ್ಸಿ ನೆಟ್ಟಗಿನ ಮೆಟ್ಟಿಲು ಹಾಕ್ಸಮ್ಮಾ" ಎಂದು. ಅವನು ಈಗ ಮನೆಗೆ ಬಂದು ಹೋಗುತ್ತಾನೆಯೇ? ನೀನು ಅವನನ್ನು ಮದುವೆಯಾಗುವುದಾದರೆ ನಾನು ಅಡ್ಡ ಬರುವುದಿಲ್ಲ. ಆದರೆ ಇಡೀ ಮನೆ ಆ ಹೊಗೆಗೂಡಿಗೆ ಒರಗಿ ನಿಂತಿದೆ ಅಕ್ಕ. ಇಟ್ಟಿಗೆ ಕೆಲಸದವನ ಅಕ್ಕನಾಗಿ ನಿನಗೆ ಇಷ್ಟು ಗೊತ್ತಿಲ್ಲವೇ?

ಒಡೆಸಿದೆಯೋ ಇಲ್ಲವೋ, ಅದೊಂದನ್ನು ಹೇಳು.

ಆಂಬ್ರೋಸ್


ಸ್ವಾಫ್‌ಹ್ಯಾಮ್
21 ಫೆಬ್ರವರಿ 1943

ಪ್ರಿಯ ಆಂಬ್ರೋಸ್,

ಹೌದು. ಒಡೆಸಿದೆ.

ಹೊರೇಸನಿಗೂ ಇದಕ್ಕೂ ಸಂಬಂಧವಿಲ್ಲ, ಅವನ ಮುಖ ನೋಡಿಯೇ ತಿಂಗಳುಗಳಾದವು. ಹೊಗೆಗೆ ಕೆಮ್ಮು ಹತ್ತುತ್ತಿತ್ತು. ಆ ತಿರುಗು ಮೆಟ್ಟಿಲಿನಲ್ಲಿ ಒಮ್ಮೆ ಜಾರಿದೆ. ಅಡುಗೆಮನೆಗೆ ಕಬ್ಬಿಣದ ಒಲೆ ಹಾಕಿಸಿ, ಸೂರು ಒಂದಿಷ್ಟು ಎತ್ತರಿಸಿ, ನೆಟ್ಟಗಿನ ಮೆಟ್ಟಿಲು ಮಾಡಿಸಿದೆ. ನಿನ್ನನ್ನು ಕೇಳಬೇಕಿತ್ತು. ಕೇಳಿದರೆ ನೀನು ಬೇಡ ಅನ್ನುತ್ತಿದ್ದೆ.

ಬೈಯುವುದಿದ್ದರೆ ಬೈ. ಕ್ಲೆಗ್ ಹತ್ತಿರ ಕ್ಷಮೆ ಕೇಳು, ಅವನದ್ದೇನೂ ತಪ್ಪಿಲ್ಲ. ಮನೆ ನಿಂತಿದೆ, ಅಷ್ಟು ತಿಳಿದುಕೋ.

ಹೆಸ್ಟರ್


ಜರ್ಮನಿ
20 ಜೂನ್ 1943

ಹೆಸ್ಟರ್,

ಇನ್ನು ನಿನಗೆ ಬರೆಯಲೇಬಾರದೆಂದಿದ್ದೆ. ಎನಕ್ ಬಿಡಲಿಲ್ಲ. "ಬರೀ, ಇಲ್ಲಾಂದ್ರೆ ನಾನೇ ಎಲ್ಲಾ ಬರ್ದ್ಬಿಡ್ತೀನಿ" ಅಂದ. ಆದ್ದರಿಂದ ಹೇಳುತ್ತೇನೆ.

ನನ್ನ ಬೆರಳಿಗೆ ಏನೂ ಆಗಿಲ್ಲ. ಎಡಗಣ್ಣು 1941ರ ಚಳಿಗಾಲದಲ್ಲೇ ಹೋಯಿತು. ಮೊದಲು ಮಂಜು ಕವಿದ ಹಾಗೆ, ಆಮೇಲೆ ಪೂರ್ತಿ. ಬೆಳಕು ಸಹ ತಿಳಿಯುವುದಿಲ್ಲ.

ನೀನು ಒಬ್ಬಳೇ ಇದ್ದೀಯ, ಹೇಳಿ ಏನು ಮಾಡಲಿ ಎಂದು ಸುಮ್ಮನಿದ್ದೆ. ಆದರೆ ಒಂದು ಯೋಚನೆ ಇತ್ತು. ಲೋಕದಲ್ಲಿ ಯಾರ ತೋಳೂ ಹಿಡಿಯದೆ ನಾನು ನಡೆಯಬಹುದಾದ ಜಾಗ ಒಂದೇ ಒಂದು. ಅದನ್ನು ಬೆರಳಿನಲ್ಲಿ ಕಲಿತರೆ ಕಾಲು ತಾನಾಗಿ ಕಲಿಯುತ್ತದೆ. ಬಾಗಿಲಿನಿಂದ ನಾಲ್ಕು ಅಡಿ, ಎಡಕ್ಕೆ ತಿರುಗಿದರೆ ಅಡುಗೆಮನೆ, ಹಿಂದೆ ಹೋದರೆ ಮೆಟ್ಟಿಲು. ಮೊದಲ ದಿನವೇ ನಿನ್ನ ಎದುರು ಕಣ್ಣಿದ್ದವನ ಹಾಗೆ ಮಹಡಿ ಹತ್ತಬೇಕು ಎಂದುಕೊಂಡಿದ್ದೆ.

ನೀನು ಅದನ್ನು ಒಡೆಸಿದೆ. ನಿನಗೆ ಗೊತ್ತಿರಲಿಲ್ಲ, ನಿಜ. ಆದರೂ ಒಡೆಸಿದೆ.

ಕುರುಡರನ್ನು ಊರಿಗೆ ಕಳಿಸುತ್ತಾರೆಂದು ಸುದ್ದಿ. ಪಟ್ಟಿಯಲ್ಲಿ ನನ್ನ ಹೆಸರಿದೆ.

ಆಂಬ್ರೋಸ್


ಸ್ವಾಫ್‌ಹ್ಯಾಮ್
29 ಆಗಸ್ಟ್ 1943

ಆಂಬ್ರೋಸ್, ನನ್ನ ಕಂದಾ,

ನಿನ್ನ ಪತ್ರ ಬಂದಾಗಿನಿಂದ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಬಿಡುತ್ತಿಲ್ಲ, ಎರಡು ಬಟ್ಟಲು ಒಡೆದಿದ್ದೇನೆ.

ನಾನು ಹೊಗೆಗೂಡು ಒಡೆಸಲಿಲ್ಲ. ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಮೆಟ್ಟಿಲು ಅಳೆಯಲೂ ಇಲ್ಲ. ಕ್ಲೆಗ್ ಹೇಳಿದ್ದೇ ಸರಿ. ಹೋದ ವರ್ಷ ಜುಲೈಯಿಂದ ನಾನು ಮನೆಯಲ್ಲಿಲ್ಲ. ನಾನಷ್ಟೇ ಅಲ್ಲ, ಊರಿನಲ್ಲಿ ಯಾರೂ ಇಲ್ಲ. ಯಾಕೆ ಎಂದು ಈ ಕಾಗದದಲ್ಲಿ ಬರೆಯುವಂತಿಲ್ಲ. ಬರೆದರೆ ನಿನ್ನ ಕೈ ಸೇರುವುದಿಲ್ಲ. ಮನೆ ಹೋಯಿತೆಂದು ನಿನಗೆ ಹೇಳುವುದಕ್ಕಿಂತ, ಕೆಟ್ಟವಳಾಗಿ ನಿನ್ನಿಂದ ಬೈಸಿಕೊಳ್ಳುವುದೇ ಮೇಲು ಅನ್ನಿಸಿತು. ನಿನ್ನ ಕಣ್ಣಿನ ವಿಷಯ ತಿಳಿದಿದ್ದರೆ, ಆ ಸುಳ್ಳು ಹೇಳುವ ಮುನ್ನ ನನ್ನ ನಾಲಿಗೆ ಕಿತ್ತುಕೊಳ್ಳುತ್ತಿದ್ದೆ.

ಬಾ. ಏನಿದೆಯೋ ಏನಿಲ್ಲವೋ, ನಾನಿದ್ದೇನೆ.

ಹೆಸ್ಟರ್


ಸೈನಿಕರ ಆಸ್ಪತ್ರೆ, ಇಂಗ್ಲೆಂಡ್
14 ನವೆಂಬರ್ 1943

ಅಕ್ಕ,

ಇದನ್ನು ಬರೆಯುತ್ತಿರುವವರು ಸಿಸ್ಟರ್ ಪ್ರೂಡೆನ್ಸ್. ಎನಕ್ ಅಲ್ಲೇ ಉಳಿದ. ಅವನಿಗೆ ಎರಡು ಕಣ್ಣೂ ಇವೆಯಲ್ಲ. ನನ್ನನ್ನು ರೈಲು ಹತ್ತಿಸಿ ಕಳಿಸುವಾಗ ಒಂದು ಮಾತೂ ಆಡಲಿಲ್ಲ, ಅದೂ ಅವನು!

ಜೂನ್ ನಂತರ ನಿನ್ನ ಪತ್ರ ಒಂದೂ ಬರಲಿಲ್ಲ. ನಾವು ಆಗಸ್ಟಿನಲ್ಲೇ ಬೇರೆ ಶಿಬಿರಕ್ಕೆ ಹೋದೆವು, ಅದಕ್ಕಿರಬಹುದು. ಅಥವಾ ನೀನು ಕೋಪ ಮಾಡಿಕೊಂಡಿರಬಹುದು. ನಾನು ಬರೆದದ್ದು ಹಾಗಿತ್ತು. ಹಡಗಿನಲ್ಲಿ ಯೋಚಿಸಿದೆ. ಮನೆ ಅಂದಮೇಲೆ ಒಡೆಯುತ್ತಾರೆ, ಕಟ್ಟುತ್ತಾರೆ. ನೆಟ್ಟಗಿನ ಮೆಟ್ಟಿಲು ಕುರುಡನಿಗೆ ಸುಲಭವೇ. ಹದಿನಾಲ್ಕು, ಎಂಟೆಂಟು ಅಂಗುಲ. ಬಾಯಿಪಾಠವಾಗಿದೆ.

ಕ್ರಿಸ್‌ಮಸ್‌ಗೆ ಬಿಡುತ್ತಾರಂತೆ. ರೈಲಿನ ಸಮಯ ತಿಳಿಸು. ನೇರ ಕ್ರೋ ಗ್ರೀನ್‌ಗೇ ಬರುತ್ತೇನೆ.

ಆಂಬ್ರೋಸ್


ಸ್ವಾಫ್‌ಹ್ಯಾಮ್
18 ನವೆಂಬರ್ 1943

ಆಂಬ್ರೋಸ್,

ನಾನು ಆಗಸ್ಟಿನಲ್ಲಿ ಬರೆದಿದ್ದೆ. ಆ ಪತ್ರ ಮೊನ್ನೆ ವಾಪಸು ಬಂತು. ಅದರಲ್ಲಿದ್ದದ್ದನ್ನು ಇನ್ನೊಬ್ಬರ ಬಾಯಲ್ಲಿ ನೀನು ಕೇಳಬಾರದು. ಸಿಸ್ಟರ್, ದಯವಿಟ್ಟು ಅವನಿಗೆ ಇಷ್ಟು ಹೇಳಿ: ಅಕ್ಕ ಮುಂದಿನ ಗುರುವಾರ ತಾನೇ ಬರುತ್ತಾಳೆ.

ಹೆಸ್ಟರ್


ಅಂಧ ಸೈನಿಕರ ತರಬೇತಿ ಶಾಲೆ
12 ಮಾರ್ಚ್ 1944

ಅಕ್ಕ,

ಇದು ನಾನೇ ಟೈಪ್ ಮಾಡಿದ್ದು. ಇಲ್ಲಿ ಮೊದಲು ಕಲಿಸುವುದೇ ಇದು. ತಪ್ಪುಗಳಿರುತ್ತವೆ, ಆದರೆ ನಮ್ಮ ನಡುವೆ ಮೂರನೆಯವರಿಲ್ಲದೆ ಬರೆದ ಪತ್ರ ಇದು. ಎರಡು ವರ್ಷದಲ್ಲಿ ಮೊದಲನೆಯದು.

ಆಸ್ಪತ್ರೆಯ ತೋಟದಲ್ಲಿ ನೀನು ಎಲ್ಲ ಹೇಳಿದ ದಿನ ನನಗೆ ಕೋಪ ಬರಲಿಲ್ಲ. ನಾನೂ ಕಣ್ಣಿನ ವಿಷಯ ಮುಚ್ಚಿಟ್ಟವನೇ. ಇಬ್ಬರದ್ದೂ ಸರಿಹೋಯಿತು, ಇನ್ನು ಮೇಲೆ ಹೀಗೆ ಬೇಡ ಎಂದು ಹೇಳಿದೆ. ನೀನು ನನ್ನ ಕೈ ಹಿಡಿದು ಆಣೆ ಮಾಡಿದೆ.

ಅದಕ್ಕೇ ಹೋದ ತಿಂಗಳು ಬೇಲಿಯ ಹತ್ತಿರ ಕರೆದುಕೊಂಡು ಹೋಗು ಎಂದದ್ದು. ನೀನು ಬೇಡ ಬೇಡ ಎಂದು ಕೊನೆಗೆ ಒಪ್ಪಿದೆ. ಜೇಬೆಜ್ ತಾತ ಈಗ ಕೆಲಸ ಮಾಡುವ ಹೊಲ, ಅದರಾಚೆ ಮುಳ್ಳುತಂತಿ, ಅದರಾಚೆ ನಮ್ಮ ಮನೆಯಿರುವ ಇಳಿಜಾರು. ತಂತಿ ಹಿಡಿದು ನಿಂತಿದ್ದೆ. ಸೈನ್ಯದವರ ಫಿರಂಗಿ ಗುಂಡು ಹಾರಿತು. ಆಮೇಲೆ ಒಂದು ಶಬ್ದ. ಅದು ನಿನಗೆ ಬರೀ ಶಬ್ದ, ನನಗೆ ಹಾಗಲ್ಲ. ಇಟ್ಟಿಗೆ ಜಾರುವ ಸದ್ದು ನನ್ನ ಕಸುಬಿನ ಸದ್ದು. ಸುಣ್ಣದ ಗಾರೆಯ ಗೋಡೆ ಒಮ್ಮೆಲೇ ಬೀಳುವುದಿಲ್ಲ, ಮೊದಲು ನಾಲ್ಕು, ಆಮೇಲೆ ಹತ್ತು, ಆಮೇಲೆ ಎಲ್ಲ.

"ಏನ್ ಕಾಣ್ತಿದೆ ಅಕ್ಕಾ?" ಅಂದೆ.

"ಮಂಜು ಕಣೋ. ಏನೂ ಕಾಣಲ್ಲ. ಆ ಸದ್ದು ಎಲ್ಲೋ ಕಾಡಿನ ಕಡೆಯದು" ಅಂದೆ ನೀನು.

ನನ್ನ ಮುಖದ ಮೇಲೆ ಬಿಸಿಲು ಬೀಳುತ್ತಿತ್ತು.

"ಮಂಜೆಲ್ಲಿದೆ ತಾಯೀ" ಅಂದ ತಾತ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟ. "ಪೂರ್ವದ ಗೋಡೆ ಹೋಯ್ತಪ್ಪಾ. ನೀನೂ ನಿಮ್ಮಪ್ಪನೂ ರಿಪೇರಿ ಮಾಡಿದ್ದು. ಹೊಗೆಗೂಡು ಹೋದ ವರ್ಷವೇ ಬಿತ್ತು. ಇನ್ನೇನೂ ಉಳಿದಿಲ್ಲ."

ಅವನ ಮಾತು ಕೇಳಿ ನನಗೆ ನೆಲ ಸಿಕ್ಕಿತು ಅಕ್ಕ. ಅದೇ ಹೊತ್ತಿನಲ್ಲಿ ನೀನು ಕೈಬಿಟ್ಟುಹೋದೆ. ಆಣೆ ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಪ್ರೀತಿಯಿಂದಲೇ ಹೇಳಿದೆ, ಗೊತ್ತು. ಇನ್ನು ಮುಂದೆಯೂ ಪ್ರೀತಿಯಿಂದಲೇ ಹೇಳುತ್ತೀ. ಹಾಲು ತಾಜಾ ಇದೆ ಅನ್ನುತ್ತೀ, ನನ್ನ ಅಂಗಿ ಚೆನ್ನಾಗಿದೆ ಅನ್ನುತ್ತೀ, ಹೊರಗೆ ಮಳೆಯಿಲ್ಲ ಅನ್ನುತ್ತೀ. ಕಣ್ಣಿದ್ದವನು ಅದನ್ನೆಲ್ಲ ನಗುತ್ತಾ ತಡೆದುಕೊಳ್ಳಬಹುದು. ನನಗೆ ಬೇರೆಯವರು ಹೇಳಿದ್ದೇ ಲೋಕ.

ಇನ್ನೊಂದು ಇದೆ, ಹೇಳಬಾರದೆಂದಿದ್ದೆ. ರೈಲಿನಲ್ಲಿ ವಾಪಸು ಬರುವಾಗ ಮನಸ್ಸಿನಲ್ಲಿ ಮಹಡಿ ಹತ್ತಲು ನೋಡಿದೆ. ಚಿಕ್ಕವನಾಗಿದ್ದಾಗ ಓಡುತ್ತಿದ್ದ ಆ ತಿರುಗು ಮೆಟ್ಟಿಲು ಬರಲಿಲ್ಲ. ಬಂದದ್ದು ನೀನು ಬರೆದು ಕಳಿಸಿದ ಹದಿನಾಲ್ಕು. ಅಷ್ಟು ಸಲ ಬೆರಳಿನಲ್ಲಿ ಕಲಿತಿದ್ದೇನೆ, ನಿಜವಾದದ್ದು ಅದರ ಕೆಳಗೆ ಹೂತುಹೋಗಿದೆ. ನೆಲದ ಮೇಲೂ ಇಲ್ಲ, ನನ್ನಲ್ಲೂ ಇಲ್ಲ.

ಓಲ್ಡಮ್‌ನ ಒಂದು ಗಿರಣಿಯಲ್ಲಿ ಟೆಲಿಫೋನ್ ಕೆಲಸ ಕೊಡಿಸಿದ್ದಾರೆ. ಎನಕ್‌ನ ತಾಯಿ ಕೋಣೆ ಕೊಡುತ್ತಾರೆ. ಮೊನ್ನೆ ಬಂದು ನನ್ನನ್ನು ಮುಟ್ಟಿ ನೋಡಿ, "ಏನಪ್ಪಾ ಇಷ್ಟೊಂದು ಸೊರಗಿದ್ದೀಯ, ಮುಖ ಎಲ್ಲಾ ಗಾಯದ ಕಲೆ, ನೋಡೋಕಾಗಲ್ಲ" ಅಂದರು. ಹೋಗುವುದೆಂದು ಆಗಲೇ ತೀರ್ಮಾನಿಸಿದೆ.

ಬರಬೇಡ ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಬೇಕಾದರೆ ಬಾ. ಆದರೆ ಬಂದಾಗ ಮನೆಯ ಮಾತು ಎತ್ತಬೇಡ. ಅದು ಬಿಟ್ಟು ನಾವಿಬ್ಬರೂ ಬೇರೇನು ಮಾತಾಡುತ್ತೇವೆ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಏನೂ ಹೊಳೆದಿಲ್ಲ.

ಆಂಬ್ರೋಸ್